ಸಮವಸ್ತ್ರದ ಬಟ್ಟೆ ಮತ್ತು ಟೆಂಡರಿನ ಕಾನೂನು



ನಮ್ಮ ಊರಿನ ಸರ್ಕಾರಿ ಶಾಲೆಯ ಮಗುವಿನ ಕೈಗೆ ಸಮವಸ್ತ್ರದ ಬಟ್ಟೆ ಬಂದಾಗ ನಾವು ಅದರ ಬಣ್ಣ ನೋಡುತ್ತೇವೆ, ಅಳತೆ ನೋಡುತ್ತೇವೆ. ಅದನ್ನು ಯಾರು ಕೊಂಡರು, ಯಾರಿಂದ ಕೊಂಡರು, ಯಾವ ದರಕ್ಕೆ ಕೊಂಡರು ಎಂದು ಕೇಳುವವರು ವಿರಳ. ಈ ಪ್ರಶ್ನೆ ಕೇಳುವ ಹಕ್ಕು ನಮಗೆ ಒಂದೇ ದಿನದಲ್ಲಿ ಬಂದದ್ದಲ್ಲ.

ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದ ಕಾಲದಲ್ಲಿ ಖಜಾನೆಯ ಖರ್ಚಿಗೆ ಬಹುಮಟ್ಟಿಗೆ ಅರಸರ ಮಾತೇ ಕೊನೆಯ ಮಾತು. 1948ರಲ್ಲಿ ಈ ಸಂಸ್ಥಾನಗಳು ವಿಲೀನವಾದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು 14ನೇ ವಿಧಿಯಲ್ಲಿ ಸಮಾನತೆಯನ್ನು ಕೊಟ್ಟಿತು. ಸರ್ಕಾರದ ಲೆಕ್ಕ ತಪಾಸಣೆಗೆ ಮಹಾಲೇಖಪಾಲರ ಹುದ್ದೆಯನ್ನೂ ಕೊಟ್ಟಿತು. 1979ರಲ್ಲಿ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರವು ತನ್ನ ಗುತ್ತಿಗೆಗಳನ್ನು ಮನಬಂದಂತೆ ಹಂಚುವಂತಿಲ್ಲ, ತಾನೇ ಪ್ರಕಟಿಸಿದ ಷರತ್ತಿಗೆ ತಾನೂ ಬದ್ಧ ಎಂಬುದು ಆ ತೀರ್ಪಿನ ಸಾರ.

ಇದಕ್ಕಾಗಿಯೇ ಒಂದು ಪ್ರತ್ಯೇಕ ಕಾನೂನನ್ನು 1998ರಲ್ಲಿ ತಮಿಳುನಾಡು ತಂದಿತು. ಅದರ ಬೆನ್ನಿಗೇ ನಮ್ಮ ರಾಜ್ಯದಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ರೂಪುಗೊಂಡು, 2000ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತು. ಟೆಂಡರು ಕರೆಯುವವರು ಯಾರು, ಒಪ್ಪುವವರು ಯಾರು ಎಂದು ಅದು ಗೊತ್ತುಮಾಡಿತು. ಪ್ರಕಟಣೆಗೆ ಟೆಂಡರ್ ಬುಲೆಟಿನ್ ಬಂತು. ಅರ್ಜಿ ಸಲ್ಲಿಸಲು 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಎಂದು 2000ರ ನಿಯಮಗಳು ಹೇಳಿದವು. ಅನ್ಯಾಯವಾಯಿತೆಂದು ಭಾವಿಸಿದ ಟೆಂಡರುದಾರನಿಗೆ ಮೇಲ್ಮನವಿಗೆ 30 ದಿನಗಳ ಅವಕಾಶ ದೊರೆಯಿತು. 2007ರಿಂದ ಟೆಂಡರುಗಳು ಕಂಪ್ಯೂಟರಿನ ಮೂಲಕವೂ ನಡೆಯತೊಡಗಿದವು.

ಆದರೆ ಓದುಗರೇ, ಇಲ್ಲೊಂದು ತೊಡಕಿದೆ. ಟೆಂಡರು ಸಾಮಾನ್ಯವಾಗಿ ಕಡಿಮೆ ದರದವನ ಪಾಲಾಗುತ್ತದೆ. ಕೈಮಗ್ಗದ ಬಟ್ಟೆ ದರದಲ್ಲಿ ಗಿರಣಿಯ ಬಟ್ಟೆಯೊಡನೆ ಸೆಣಸಲಾರದು. ಬರೀ ದರವನ್ನೇ ನೋಡುತ್ತ ಹೋದರೆ ರಬಕವಿ-ಬನಹಟ್ಟಿಯ ನೇಕಾರನ ಮಗ್ಗ ನಿಲ್ಲುತ್ತದೆ. ಅವನ ಮಗು ಮಾತ್ರ ಎಲ್ಲಿಯದೋ ಗಿರಣಿಯ ಬಟ್ಟೆ ತೊಟ್ಟು ಶಾಲೆಗೆ ಹೋಗುತ್ತದೆ. ಹಾಗಾಗದಿರಲೆಂದೇ ವಿದ್ಯಾವಿಕಾಸ ಯೋಜನೆಯ ಬಟ್ಟೆಯಲ್ಲಿ ಒಂದು ಪಾಲನ್ನು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದಿಂದ ಪಡೆಯುವ ಪದ್ಧತಿ ಬೆಳೆಯಿತು. ನಿರ್ದಿಷ್ಟ ಖರೀದಿಗಳಿಗೆ ಟೆಂಡರಿನಿಂದ ವಿನಾಯಿತಿ ಕೊಡಲು ಅಧಿನಿಯಮದ 4(ಜಿ) ಕಲಮು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ.

ವಿನಾಯಿತಿ ಎಂಬುದು ಬಾಗಿಲಿದ್ದಂತೆ. ಅದರೊಳಗೆ ನೇಕಾರನೂ ಬರಬಹುದು, ಅಧಿಕಾರ ಬಲ್ಲವರ ಬಂಧುವೂ ಬರಬಹುದು. ಬಾಗಿಲನ್ನೇ ಮುಚ್ಚಿದರೆ ಬಡವನಿಗೆ ನಷ್ಟ. ಕಾವಲಿಲ್ಲದೆ ತೆರೆದಿಟ್ಟರೆ ಬೊಕ್ಕಸಕ್ಕೆ ನಷ್ಟ. ಆದ್ದರಿಂದ ವಿನಾಯಿತಿ ಕೊಟ್ಟಾಗ ಅದರ ಕಾರಣ ಜನರಿಗೆ ತಿಳಿಯಬೇಕು. ಬಟ್ಟೆ ನಿಜವಾಗಿಯೂ ಮಗ್ಗದಿಂದಲೇ ಬರಬೇಕು. ಕೂಲಿ ನೇಕಾರನ ಕೈ ಸೇರಬೇಕು. ಬಟ್ಟೆ ಶಾಲೆ ತೆರೆಯುವ ಹೊತ್ತಿಗೆ ಮಗುವಿಗೆ ಸಿಗಬೇಕು.

ಈ ಕಾವಲನ್ನು ಲೆಕ್ಕ ತಪಾಸಕರೊಬ್ಬರೇ ಮಾಡಲಾರರು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕನಾದರೂ ಖರೀದಿಯ ಆದೇಶ, ದರ, ಸರಬರಾಜಿನ ದಿನಾಂಕಗಳನ್ನು ಕೇಳಬಹುದು. ಜಮಖಂಡಿಯಲ್ಲಾಗಲಿ, ಮುಧೋಳ, ಬೀಳಗಿಯಲ್ಲಾಗಲಿ, ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಕೂತಿರುವ ತಂದೆತಾಯಿಗಳು ಮುಂದಿನ ಸಭೆಯಲ್ಲಿ ಇದನ್ನು ವಿಚಾರಿಸಲಿ. ನಮ್ಮ ಕಾಲೇಜು ವಿದ್ಯಾರ್ಥಿಗಳು ಅವರಿಗೆ ಅರ್ಜಿ ಬರೆದುಕೊಡಲಿ. ಓದು ಕಲಿತದ್ದಕ್ಕೆ ಅಷ್ಟಾದರೂ ಸಾರ್ಥಕತೆ ಬೇಡವೇ?