ಬೂದಿದಿಬ್ಬಗಳ ಅಧ್ಯಯನ: ಜ್ಞಾನಶಿಸ್ತುಗಳ ಮಿತಿ ಮತ್ತು ಎಲ್ಲೆ

ಜ್ಞಾನಶಿಸ್ತುಗಳ ಇತಿಮಿತಿಯನ್ನು ಕುರಿತ ಚರ್ಚೆಯಲ್ಲಿ ಎರಡು ಭಿನ್ನ ಸಂಗತಿಗಳು ಬೆರೆತುಹೋಗುವುದುಂಟು. ಒಂದು, ಆಧಾರಸಾಮಗ್ರಿ ಮತ್ತು ವಿಧಾನಗಳ ಸ್ವಭಾವದಿಂದಲೇ ಬರುವ ಮಿತಿ: ಬರಹವೇ ಇಲ್ಲದ ಕಾಲದ ಜನರ ಆಡುನುಡಿ ಯಾವುದೆಂದು ಶಾಸನಶಾಸ್ತ್ರ ಹೇಳಲಾರದು, ಏಕೆಂದರೆ ಅದು ಓದಬೇಕಾದ ಅಕ್ಷರ ಅಲ್ಲಿಲ್ಲ. ಇನ್ನೊಂದು, ವಿಭಾಗ, ಪತ್ರಿಕೆ, ತರಬೇತಿಗಳ ವ್ಯವಸ್ಥೆ ಎಳೆದುಕೊಂಡಿರುವ ಎಲ್ಲೆ: ಭೂವಿಜ್ಞಾನಿಯ ಫಲಿತಾಂಶ ಇತಿಹಾಸಕಾರನ ಗಮನಕ್ಕೆ ಬಾರದೆ ಉಳಿದರೆ ಅದಕ್ಕೆ ಕಾರಣ ಈ ಎಲ್ಲೆಯೇ ಹೊರತು ವಸ್ತುವಿನ ಸ್ವಭಾವವಲ್ಲ. ಎಲ್ಲೆಯನ್ನು ದಾಟಬಹುದು, ದಾಟಲೂ ಬೇಕು. ಆದರೆ ಹಲವು ಶಾಸ್ತ್ರಗಳು ಕೂಡಿದ ಮಾತ್ರಕ್ಕೆ ಪ್ರತಿಯೊಂದರ ಒಳಗಿನ ಮಿತಿ ಅಳಿಯುವುದಿಲ್ಲ. ದಕ್ಷಿಣ ಭಾರತದ ನವಶಿಲಾಯುಗದ ಬೂದಿದಿಬ್ಬಗಳ ಅಧ್ಯಯನವನ್ನು ಮುಂದಿಟ್ಟುಕೊಂಡು ಈ ವಾದವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದ್ರವ್ಯದ ಪ್ರಶ್ನೆ

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲೂ ನೆರೆಯ ಆಂಧ್ರ, ತೆಲಂಗಾಣಗಳ ಕೆಲವು ಭಾಗಗಳಲ್ಲೂ ಕಾಣಸಿಗುವ ಬೂದಿದಿಬ್ಬಗಳ ಸಂಖ್ಯೆ ನೂರನ್ನು ಮೀರುತ್ತದೆ. ಅವುಗಳಲ್ಲಿ ಮೆದುವಾದ ಬೂದಿಯ ಪದರಗಳ ಜೊತೆಗೆ ಕರಗಿ ಗಾಜಿನಂತಾಗಿ ಗಟ್ಟಿಗೊಂಡ, ಮೈತುಂಬ ತೂತುಗಳಿರುವ, ಕಬ್ಬಿಣದ ಕಿಟ್ಟವನ್ನು ಹೋಲುವ ಹೆಂಟೆಗಳೂ ದೊರೆಯುತ್ತವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಸ್ಥಳೀಯರು ನಂಬಿಕೊಂಡು ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕುಡತಿನಿಯ ದಿಬ್ಬವೂ ಸೇರಿದಂತೆ ಇವುಗಳನ್ನು ನ್ಯೂಬೋಲ್ಡ್ ವರ್ಣಿಸಿದ ಬಳಿಕ ಜ್ವಾಲಾಮುಖಿ, ಸಾಮೂಹಿಕ ದಹನ, ಲೋಹದ ಕುಲುಮೆ ಎಂದು ನಾನಾ ಊಹೆಗಳು ಹೊರಟವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇವು ಸುಟ್ಟ ಸಗಣಿಯ ರಾಶಿಗಳೆಂದೂ ನವಶಿಲಾಯುಗದ ಜನರಿಗೆ ಸೇರಿದವೆಂದೂ ಗುರುತಿಸಿದನು. ಆದರೂ ಈ ವಿಷಯದಲ್ಲಿ ಒಮ್ಮತ ಮೂಡಲು ದಶಕಗಳೇ ಹಿಡಿದವು.

1950ರ ದಶಕದ ಕೊನೆಯಲ್ಲಿ ಎಫ್. ಇ. ಝಾಯ್ನರ್ ನಡೆಸಿದ ಪ್ರಯೋಗಾಲಯದ ಪರೀಕ್ಷೆ, ಅದರ ನಂತರ ಮಜುಮ್ದಾರ್ ಮತ್ತು ರಾಜಗುರು ಕುಪ್ಪಗಲ್ಲಿನ ದಿಬ್ಬದ ಮೇಲೆ 1966ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಪ್ರಶ್ನೆಯನ್ನು ಬಹುಮಟ್ಟಿಗೆ ಬಗೆಹರಿಸಿದವು. ಹುಲ್ಲಿನ ಜೀವಕೋಶಗಳಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಮುಖ್ಯ ದ್ರವ್ಯವೇ, ಸಂಗ್ರಹವಾಗಿರುತ್ತದೆ. ದನ ಮೇದ ಹುಲ್ಲು ಸಗಣಿಯಾದ ಮೇಲೂ ಅದು ಉಳಿಯುತ್ತದೆ. ಸಗಣಿಯ ದೊಡ್ಡ ರಾಶಿ ಹೆಚ್ಚಿನ ಶಾಖದಲ್ಲಿ ಉರಿದಾಗ ಈ ಸಿಲಿಕಾ ಕರಗಿ ಗಾಜಿನ ರೂಪ ತಾಳುತ್ತದೆ. ಹೀಗೆ ದಿಬ್ಬದ ದ್ರವ್ಯ ಯಾವುದೆಂಬುದಕ್ಕೆ ಉತ್ತರ ಸಿಕ್ಕಿತು. ಆದರೆ ಗೊಬ್ಬರಕ್ಕೂ ಉರುವಲಿಗೂ ಒದಗುವ ಸಗಣಿಯನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಏಕೆ ಸುಟ್ಟರು ಎಂಬ ಪ್ರಶ್ನೆಗೆ ರಾಸಾಯನಿಕ ವಿಶ್ಲೇಷಣೆಯಲ್ಲಿ ಉತ್ತರವಿಲ್ಲ. ಎಷ್ಟೇ ಸೂಕ್ಷ್ಮ ಉಪಕರಣ ಬಂದರೂ ಅದು ಅಳೆಯುವುದು ದ್ರವ್ಯವನ್ನೇ ಹೊರತು ಸುಟ್ಟವರ ಉದ್ದೇಶವನ್ನಲ್ಲ.

ಉದ್ದೇಶದ ಪ್ರಶ್ನೆ

ಈ ಪ್ರಶ್ನೆಗೆ ಉತ್ಖನನದ ಮೂಲಕ ಉತ್ತರ ಹುಡುಕಿದವರಲ್ಲಿ ಎಫ್. ಆರ್. ಆಲ್ಚಿನ್ ಪ್ರಮುಖರು. ಇಂದಿನ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ 1957ರಲ್ಲಿ ಅವರು ಅಗೆದಾಗ, ಮರದ ಕಂಬಗಳನ್ನು ಸಾಲಾಗಿ ನೆಟ್ಟು ಬೇಲಿ ಕಟ್ಟಿದ್ದ ಕುಳಿಗಳು ದೊರೆತವು. ಒಂದು ಬೇಲಿ ಸುಟ್ಟುಹೋದ ಮೇಲೆ ಅದೇ ಜಾಗದಲ್ಲಿ ಮತ್ತೊಂದನ್ನು ಕಟ್ಟಿದ ಗುರುತುಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಬೂದಿಯ ಪದರದಲ್ಲಿ ದನಗಳ ಗೊರಸಿನ ಅಚ್ಚುಗಳು ಹಾಗೆಯೇ ಉಳಿದಿದ್ದವು. ಅಲ್ಲಿ ದನದ ದೊಡ್ಡಿಯಿತ್ತೆಂದೂ ಅದು ಮತ್ತೆ ಮತ್ತೆ ಬೆಂಕಿಗೆ ಈಡಾಯಿತೆಂದೂ ಈ ಆಧಾರಗಳ ಮೇಲೆ ಧೈರ್ಯವಾಗಿ ಹೇಳಬಹುದು. ಆದರೆ 1963ರ ತಮ್ಮ ಗ್ರಂಥದಲ್ಲಿ ಆಲ್ಚಿನ್ ಇನ್ನೂ ಮುಂದೆ ಹೋಗಿ, ಈ ಸುಡುವಿಕೆಯನ್ನು ಹೋಳಿ, ದೀಪಾವಳಿ, ಪೊಂಗಲ್‌ನಂತಹ ಹಬ್ಬಗಳಲ್ಲಿನ ಬೆಂಕಿಯ ಆಚರಣೆಗಳೊಂದಿಗೆ ಹೋಲಿಸಿದರು. ಇಲ್ಲಿ ವಿಧಾನ ಬದಲಾಗುತ್ತದೆ. ಗೊರಸಿನ ಅಚ್ಚು ಕಣ್ಣಿಗೆ ಕಾಣುವ ಕುರುಹು. ಹಬ್ಬದ ಹೋಲಿಕೆಯಾದರೋ ಸಾವಿರಾರು ವರ್ಷಗಳ ಅಂತರವನ್ನು ಒಂದೇ ನೆಗೆತಕ್ಕೆ ದಾಟುವ ಸಾದೃಶ್ಯ. ಸಾದೃಶ್ಯವು ಸಾಧ್ಯತೆಯನ್ನು ಸೂಚಿಸಬಲ್ಲದು, ನಡುವಿನ ಕಾಲದ ಅವಿಚ್ಛಿನ್ನತೆಯನ್ನು ಸಾಧಿಸಲಾರದು.

ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ವಿಸ್ತಾರವಾದ ಉತ್ಖನನ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಅಲ್ಲಿ ದಿಬ್ಬದ ಜೊತೆಗೆ ವಾಸದ ನೆಲೆ, ದನದ ದೊಡ್ಡಿ, ಪ್ರಾಣಿಗಳನ್ನು ಕೊಯ್ದ ನೆಲ, ಕಲ್ಲಿನ ಉಪಕರಣಗಳನ್ನು ತಯಾರಿಸುತ್ತಿದ್ದ ಜಾಗ, ಮಕ್ಕಳ ಸಮಾಧಿಗಳು ಬೆಳಕಿಗೆ ಬಂದವು. ದಿಬ್ಬವು ನೆಲೆನಿಂತ ಪಶುಪಾಲಕರ ಊರಿನ ಭಾಗವೇ ಆಗಿದ್ದು, ದೊಡ್ಡಿಯ ಸಗಣಿ ಮತ್ತು ಕಸವನ್ನು ಒಟ್ಟಿ ಸುಡುತ್ತಿದ್ದರೆಂಬ ವಿವರಣೆಗೆ ಇದರಿಂದ ಬಲ ಬಂತು. ಪೀಟರ್ ಜೊಹಾನ್ಸೆನ್ 2004ರಲ್ಲಿ ಇದೇ ದಿಬ್ಬಗಳನ್ನು ಉದ್ದೇಶಪೂರ್ವಕವಾಗಿ ಎತ್ತರಿಸಿದ ಸ್ಮಾರಕರೂಪದ ರಚನೆಗಳೆಂದು ವಾದಿಸಿದರು. ಒಂದೇ ಬಗೆಯ ಆಧಾರಗಳು ವಿಲೇವಾರಿಯ ವಿವರಣೆಗೂ ಆಚರಣೆಯ ವಿವರಣೆಗೂ ಒಗ್ಗುತ್ತವೆಯೆಂದರೆ, ತೊಡಕು ಇರುವುದು ವಿದ್ವಾಂಸರ ಸಾಮರ್ಥ್ಯದಲ್ಲಲ್ಲ, ಆಧಾರದ ಸ್ವರೂಪದಲ್ಲಿ.

ಕಾಲ, ಬೆಳೆ ಮತ್ತು ಭಾಷೆ

ಈ ಸಂಸ್ಕೃತಿಯನ್ನು ಸುಮಾರು ಕ್ರಿ.ಪೂ. 3000ರಿಂದ 1200ರ ನಡುವೆ ಇರಿಸಲು ರೇಡಿಯೋಕಾರ್ಬನ್ ವಿಧಾನ ನೆರವಾಗಿದೆ. ಜೀವಿಯ ಸಾವಿನ ನಂತರ ಅದರಲ್ಲಿನ ವಿಕಿರಣಶೀಲ ಇಂಗಾಲ 5730 ವರ್ಷಗಳಿಗೊಮ್ಮೆ ಅರ್ಧದಷ್ಟಾಗುವುದನ್ನು ಆಧರಿಸಿದ ಈ ವಿಧಾನ, ಇದ್ದಿಲಾದ ಮರದ ಭಾಗ ಬೆಳೆದ ಕಾಲವನ್ನು ಹೇಳುತ್ತದೆಯೇ ಹೊರತು ಅದನ್ನು ಸುಟ್ಟ ಕಾಲವನ್ನಲ್ಲ; ಹಳೆಯ ಮರದ ತಿರುಳಿನ ಇದ್ದಿಲಾದರೆ ಬೆಂಕಿಗಿಂತ ಹಿಂದಿನ ಕಾಲ ಬರುತ್ತದೆ. ಉತ್ತರವೂ ಒಂದು ವರ್ಷವಾಗಿರದೆ, ಇಂತಿಷ್ಟು ಸಂಭಾವ್ಯತೆಯುಳ್ಳ ಅವಧಿಯಾಗಿರುತ್ತದೆ. ಆದುದರಿಂದ ಒಂದೇ ತಲೆಮಾರಿನೊಳಗೆ ನಡೆದ ಎರಡು ಸುಡುವಿಕೆಗಳನ್ನು ಇದೊಂದರಿಂದಲೇ ಬೇರ್ಪಡಿಸುವುದು ಕಷ್ಟ.

ಸಂಗನಕಲ್ಲು, ಕುಪ್ಪಗಲ್ಲು ಮೊದಲಾದ ನೆಲೆಗಳಲ್ಲಿ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೋವಿನ್ ಮೊದಲಾದವರು ನಡೆಸಿದ ಕೆಲಸದಿಂದ ಹುರುಳಿ, ಹೆಸರು, ಕೊರಲೆಯಂತಹ ಬೆಳೆಗಳ ಪ್ರಾಚೀನತೆ ಸ್ಪಷ್ಟವಾಯಿತು. ಇಲ್ಲಿಯೂ ಮಿತಿ ಕೈಬಿಡದು: ಉಳಿಯುವುದು ಕರಕಲಾದ ಕಾಳು; ಸೊಪ್ಪು, ಗೆಡ್ಡೆ, ಹಾಲು ಅಷ್ಟು ಸುಲಭವಾಗಿ ಕುರುಹು ಬಿಡುವುದಿಲ್ಲ. ಆದ್ದರಿಂದ ಉಳಿದ ಕಾಳುಗಳ ಪಟ್ಟಿಯನ್ನೇ ಆ ಜನರ ಊಟದ ಪಟ್ಟಿಯೆಂದು ತಿಳಿಯುವಂತಿಲ್ಲ. ಇನ್ನು ಭಾಷಾವಿಜ್ಞಾನವು ಕನ್ನಡ, ತಮಿಳು, ತೆಲುಗು, ತುಳು ಮುಂತಾದವುಗಳನ್ನು ತೌಲನಿಕವಾಗಿ ನೋಡಿ ಮೂಲ ದ್ರಾವಿಡದ ರೂಪಗಳನ್ನು ಪುನಾರಚಿಸಬಲ್ಲದು. ಆದರೆ ಅದು ಪ್ರಧಾನವಾಗಿ ರೂಪಗಳ ಪೂರ್ವಾಪರವನ್ನು ತಿಳಿಸುತ್ತದೆಯೇ ಹೊರತು ಒಂದು ದಿಬ್ಬದ ಬಳಿ ಯಾರು ಯಾವ ನುಡಿಯನ್ನಾಡಿದರೆಂಬುದನ್ನಲ್ಲ. ಈ ಸೀಮೆಯಲ್ಲಿ ಓದಬಹುದಾದ ಬರಹ ದೊರೆಯುವುದು ಮಸ್ಕಿ, ಬ್ರಹ್ಮಗಿರಿಗಳ ಅಶೋಕನ ಶಾಸನಗಳಿಂದ, ಅಂದರೆ ಕ್ರಿ.ಪೂ. ಮೂರನೆಯ ಶತಮಾನದಿಂದ. ಅದಕ್ಕೆ ಹಿಂದಿನ ಮಡಕೆಯ ಚೂರಿಗೆ ಭಾಷೆಯ ಹೆಸರು ಅಂಟಿಸುವುದು ಪುರಾತತ್ತ್ವ, ಭಾಷಾವಿಜ್ಞಾನ ಎರಡೂ ಶಾಸ್ತ್ರಗಳ ಮಿತಿಯನ್ನು ಒಟ್ಟಿಗೇ ಮೀರಿದಂತೆ.

ನಿಷ್ಕರ್ಷೆ

ದ್ರವ್ಯ, ಬಳಕೆ, ಕಾಲ, ಉದ್ದೇಶ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಮೊದಲ ಮೂರರ ಉತ್ತರಗಳನ್ನು ಕೂಡಿಸಿದರೂ ನಾಲ್ಕನೆಯದು ತಾನಾಗಿ ದೊರೆಯುವುದಿಲ್ಲ; ಅವು ಅಸಾಧ್ಯವಾದ ಉತ್ತರಗಳನ್ನು ತಳ್ಳಿಹಾಕುತ್ತವೆ. ಅದು ಸಣ್ಣ ಲಾಭವಲ್ಲ: ಜ್ವಾಲಾಮುಖಿ, ಕುಲುಮೆಗಳ ವಾದಗಳು ಹಾಗೆಯೇ ಬಿದ್ದುಹೋದವು. ಅಂತರ್‌ಶಿಸ್ತೀಯ ಅಧ್ಯಯನದ ನಿಜವಾದ ಪ್ರಯೋಜನ ಈ ನಿರಾಕರಣೆಯ ಶಕ್ತಿಯಲ್ಲಿದೆ. ಆದುದರಿಂದ ಉತ್ಖನನದ ವರದಿಗಳು ತಮ್ಮ ಆಧಾರಗಳಿಂದ ಏನನ್ನು ಹೇಳಲು ಬರುವುದಿಲ್ಲ ಎಂಬುದನ್ನೂ ತೀರ್ಮಾನದ ಭಾಗವಾಗಿಯೇ ದಾಖಲಿಸಬೇಕು, ಮುಂದಿನ ವಿಧಾನಗಳ ಪರೀಕ್ಷೆಗಾಗಿ ಮಾದರಿಗಳನ್ನು ಕಾದಿರಿಸಬೇಕು. ಗೊಬ್ಬರಕ್ಕೆಂದು ಬೂದಿಯನ್ನು ಸಾಗಿಸುವುದರಿಂದಲೂ ಕಲ್ಲುಗಣಿಗಾರಿಕೆಯಿಂದಲೂ ದಿಬ್ಬಗಳು ಕರಗುತ್ತಿರುವಾಗ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ವಿಧಾನದ ಮಿತಿಯನ್ನು ನಾಳಿನ ವಿಧಾನವೊಂದು ತುಸು ಹಿಂದಕ್ಕೆ ಸರಿಸೀತು. ಆಧಾರವೇ ಇಲ್ಲವಾದರೆ ಆ ನಷ್ಟವನ್ನು ಯಾವ ಶಾಸ್ತ್ರವೂ ತುಂಬಿಕೊಡಲಾರದು.