ಬರಾಬರದ ಗುಹೆಗಳೂ ಕಣಶಿಲೆಯ ಮೆರುಗೂ

ಅಡಿಗೆಮನೆಯ ಕಟ್ಟೆಗೆ ಹಾಸಿದ ಗ್ರಾನೈಟು ಕೆಲವು ವರ್ಷಗಳಲ್ಲಿ ಕಳೆಗುಂದುವುದನ್ನು ಗೃಹಸ್ಥರೆಲ್ಲರೂ ಬಲ್ಲರು. ಒಬ್ಬರು ಅದಕ್ಕೆ ಎಣ್ಣೆ ಸವರುವರು. ಮತ್ತೊಬ್ಬರು ಮೇಣ ತಿಕ್ಕುವರು. ಎರಡು ದಿನ ಮಿನುಗಿ ಮೂರನೆಯ ದಿನ ಕಲ್ಲು ಮತ್ತೆ ಮಂಕಾಗುವುದು. ಕಾರಣವು ಸರಳವಾದುದು. ಶಾಸ್ತ್ರಜ್ಞರು ಕಣಶಿಲೆಯೆಂದು ಕರೆಯುವ ಈ ಕಲ್ಲಿನ ಮೆರುಗು ಮೇಲಿನಿಂದ ಬಳಿದ ಲೇಪವಲ್ಲ. ಕಲ್ಲನ್ನೇ ಸವೆಸಿ ಸವೆಸಿ ಹೊರಪಡಿಸಿದ ಗುಣ. ಈ ತತ್ತ್ವವನ್ನು ನಮ್ಮ ದೇಶದ ಕಲ್ಕುಟಿಗರು ಎರಡು ಸಾವಿರದ ಇನ್ನೂರಕ್ಕೂ ಮಿಕ್ಕ ವರ್ಷಗಳ ಹಿಂದೆಯೇ ಕೈವಶಮಾಡಿಕೊಂಡಿದ್ದರೆಂಬುದಕ್ಕೆ ಬಿಹಾರದ ಬರಾಬರ ಬೆಟ್ಟದ ಗುಹೆಗಳು ಸಾಕ್ಷಿಯಾಗಿ ನಿಂತಿರುವುವು.

ಗಯಾ ಕ್ಷೇತ್ರಕ್ಕೆ ಉತ್ತರದಲ್ಲಿ, ಹದಿನೈದು ಹದಿನಾರು ಮೈಲಿಗಳ ದೂರದಲ್ಲಿ ಬರಾಬರ, ನಾಗಾರ್ಜುನಿ ಎಂಬ ಎರಡು ಗುಡ್ಡಗಳಿವೆ. ಮೊದಲನೆಯದರಲ್ಲಿ ನಾಲ್ಕು, ಎರಡನೆಯದರಲ್ಲಿ ಮೂರು, ಹೀಗೆ ಒಟ್ಟು ಏಳು ಗುಹೆಗಳನ್ನು ಅಖಂಡವಾದ ಕಣಶಿಲೆಯಲ್ಲಿ ಕೊರೆದಿದ್ದಾರೆ. ಸುದಾಮಾ ಗುಹೆಯನ್ನೂ ವಿಶ್ವಝೋಪಡಿಯನ್ನೂ ಅಶೋಕನು ತನ್ನ ಪಟ್ಟಾಭಿಷೇಕದ 12ನೆಯ ವರ್ಷದಲ್ಲಿ, ಎಂದರೆ ಸುಮಾರು ಕ್ರಿ. ಪೂ. 257ರಲ್ಲಿ, ಆಜೀವಿಕರೆಂಬ ಸಂನ್ಯಾಸಿಗಳಿಗೆ ದಾನಮಾಡಿದನೆಂದು ಅಲ್ಲಿಯ ಬ್ರಾಹ್ಮೀ ಶಾಸನಗಳು ಹೇಳುತ್ತವೆ. ಸುದಾಮಾ ಗುಹೆಗೆ ಶಾಸನದಲ್ಲಿರುವ ಹೆಸರು ‘ನಿಗೋಹ’, ಎಂದರೆ ಸಂಸ್ಕೃತದ ನ್ಯಗ್ರೋಧ, ನಮ್ಮ ಆಲದ ಮರ. ಕರ್ಣಚೌಪಾರವೆಂಬ ಗುಹೆಯ ಶಾಸನವು 19ನೆಯ ವರ್ಷದ್ದು; ಮಳೆಗಾಲದ ವಾಸದ ಮಾತು ಅದರಲ್ಲಿ ಬಂದಿದೆ. ನಾಗಾರ್ಜುನಿಯ ಮೂರು ಗುಹೆಗಳು ಅಶೋಕನ ಮೊಮ್ಮಗನಾದ ದಶರಥನ ಕೊಡುಗೆ. ಇವುಗಳಲ್ಲಿ ಗೋಪಿಕಾ ಗುಹೆಯು 46 ಅಡಿಗಳಿಗೂ ಮೀರಿದ ಉದ್ದದ್ದು.

ಹೊರಗೆ ಒರಟಾದ ಬೋಳು ಬಂಡೆ, ಚಿಕ್ಕದೊಂದು ಬಾಗಿಲು, ಒಳಗೆ ಕಾಲಿಟ್ಟರೆ ಗೋಡೆಯೆಲ್ಲವೂ ಕನ್ನಡಿ. ಶಿಲ್ಪವಿಲ್ಲ, ಚಿತ್ರವಿಲ್ಲ, ಕಂಬವೂ ಇಲ್ಲ. ಹಿಡಿದ ದೀಪದ ಕುಡಿ ಗೋಡೆಯೊಳಗಿಂದ ಎದ್ದು ಬಂದಂತೆ ತೋರುವುದು. ಆಡಿದ ಮಾತು ನುಣುಪಾದ ಗೋಡೆಗಳಿಗೆ ತಾಕಿ ತಾಕಿ ಬಹುಹೊತ್ತು ಮೊಳಗುವುದು. 1924ರಲ್ಲಿ ಪ್ರಕಟವಾದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯಲ್ಲಿ ಫಾರ್ಸ್ಟರನು ಮರಾಬಾರವೆಂದು ಹೆಸರಿಟ್ಟ ಗುಹೆಗಳಿಗೆ ಇವೇ ಮಾದರಿ. ಹಗಲಿನಲ್ಲಿಯೂ ಕತ್ತಲೆ ಕವಿದಿರುವ ಕೋಣೆಗೆ, ಸರ್ವವನ್ನೂ ತೊರೆದ ನಗ್ನ ತಪಸ್ವಿಗಳ ವಾಸಕ್ಕೆ, ಇಂಥ ಮೆರುಗು ಏತಕ್ಕೆಂದು ಕೇಳುವವರು ಕೇಳಬಹುದು. ದಾನವು ಪಾತ್ರದ ಅಗತ್ಯಕ್ಕೆ ತಕ್ಕಂತಲ್ಲದೆ ದಾತೃವಿನ ಶ್ರದ್ಧೆಗೆ ತಕ್ಕಂತೆಯೂ ಇರುವುದುಂಟಷ್ಟೆ.

ಇನ್ನು ಈ ಮೆರುಗು ಹುಟ್ಟುವ ಬಗೆ. ಕಣಶಿಲೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರು, ಅಭ್ರಕ ಎಂಬ ಖನಿಜಗಳು ಹರಳುಹರಳಾಗಿ ಹೆಣೆದುಕೊಂಡಿರುವುವು. ಜರ್ಮನ್ ವಿದ್ವಾಂಸ ಮೋಸನು 1812ರಲ್ಲಿ ಏರ್ಪಡಿಸಿದ ಕಾಠಿನ್ಯದ ಶ್ರೇಣಿಯಲ್ಲಿ ಬೆಣಚಿನ ಸ್ಥಾನ 7, ಫೆಲ್ಡ್‌ಸ್ಪಾರಿನದು 6. ಅಭ್ರಕವು 3ರ ಆಸುಪಾಸಿನಲ್ಲಿಯೇ ನಿಲ್ಲುವುದು. ಮೆತ್ತನೆಯದು ಬೇಗ ಸವೆದು ಕುಳಿಯಾಗಿ ಗಟ್ಟಿಯಾದುದು ಎದ್ದುನಿಂತರೆ ಬೆಳಕು ಚೆದರಿ ಕಲ್ಲು ಮಂಕಾಗಿ ಕಾಣುವುದು. ಎಲ್ಲ ಹರಳುಗಳೂ ಒಂದೇ ಸಮತಲಕ್ಕೆ ಬಂದಾಗ ಮಾತ್ರ ಬೆಳಕು ಚೆದರದೆ ಮರಳುವುದು. ಆದುದರಿಂದ ಮೊದಲು ಉಳಿಯ ಗುರುತುಗಳನ್ನು ಒರಟು ಪುಡಿಯಿಂದ, ಆ ಪುಡಿಯ ಗೀರುಗಳನ್ನು ಅದಕ್ಕಿಂತ ನುಣುಪಾದುದರಿಂದ, ಅದರ ಗೀರುಗಳನ್ನು ಇನ್ನೂ ನುಣುಪಾದುದರಿಂದ, ನೀರೆರೆಯುತ್ತ ತಿಕ್ಕಿ ತೆಗೆಯಬೇಕು. ನಡುವಣ ಒಂದು ಮೆಟ್ಟಿಲನ್ನು ಬಿಟ್ಟವನಿಗೆ ಕೊನೆಯಲ್ಲಿ ಗೀರುಗಳೇ ಕಾಣುವುವು. ಬೆಣಚಿನ ಮರಳಿನಿಂದಲೂ ಈ ಕೆಲಸ ಸಾಗುವುದು, ಆದರೆ ಬಹು ನಿಧಾನ. 9ನೆಯ ಸ್ಥಾನದ ಕುರುವಿಂದದ ಪುಡಿಯಾದರೆ ಶೀಘ್ರ. ಸಾಣೆ ಹಿಡಿಯುವವರು ಅರಗಿನೊಡನೆ ಕಲಸಿ ಚಕ್ರಮಾಡುತ್ತಿದ್ದುದು ಇದನ್ನೇ. ಮೈಸೂರು, ಸೇಲಂ ಸೀಮೆಗಳಲ್ಲಿ ಈ ಕಲ್ಲು ದೊರೆಯುವುದು. ಪಾಶ್ಚಾತ್ಯರ ‘ಕೊರಂಡಂ’ ಎಂಬ ಪದವು ತಮಿಳಿನ ‘ಕುರುಂದಂ’ ಎಂಬುದರಿಂದ ಹೋದದ್ದು.

ಮನೆಯ ಕಟ್ಟೆಗೂ ನ್ಯಾಯ ಇದೇ. ಮಂಕಾಗಿ ತೋರುವ ಕಲ್ಲು ಅನೇಕ ವೇಳೆ ಸವೆದಿರುವುದೇ ಇಲ್ಲ. ಜಿಡ್ಡು, ಸಾಬೂನು, ಗಡಸು ನೀರಿನ ಸುಣ್ಣ ಇವುಗಳ ಪೊರೆ ಅದನ್ನು ಮುಚ್ಚಿರುವುದು. ಪೊರೆಯನ್ನು ಕಳೆದರೆ ಹಳೆಯ ಮೆರುಗು ಕೆಳಗೆ ಹಾಗೆಯೇ ಇರುವುದು. ನಿಜವಾಗಿಯೇ ಗೀರು ಬಿದ್ದಿದ್ದರೆ ಎಣ್ಣೆಯೂ ಮೇಣವೂ ಕೆಲಸಕ್ಕೆ ಬಾರವು. ಮತ್ತೆ ಒರಟಿನಿಂದ ನುಣುಪಿನವರೆಗಿನ ಮೆಟ್ಟಿಲುಗಳನ್ನೆಲ್ಲ ಹತ್ತಲೇಬೇಕು. ಕರಿಯ ಗ್ರಾನೈಟೆಂದು ದೇಶವಿದೇಶಗಳಲ್ಲಿ ಮಾರಾಟವಾಗುವ ನಮ್ಮ ಚಾಮರಾಜನಗರದ ಕಲ್ಲು ಭೂಶಾಸ್ತ್ರದ ದೃಷ್ಟಿಯಲ್ಲಿ ಕಣಶಿಲೆಯೇ ಅಲ್ಲವಾದರೂ ಅದರ ಉಪಚಾರವೂ ಬೇರೆಯಲ್ಲ.

ಮೌರ್ಯರ ಮೆರುಗು ಒಂದು ಬಗೆಯ ಲೇಪವೆಂದು ವಾದಿಸಿದವರುಂಟು. ಅಶೋಕನ ಕಂಬಗಳು ಮರಳುಗಲ್ಲಿನವು. ಮರಳುಗಲ್ಲಿಗೆ ಅಂಥ ಹೊಳಪು ಹೇಗೆ ಬಂದಿತೆಂಬ ಬೆರಗೇ ಈ ವಾದಕ್ಕೆ ಮೂಲ. ಫಿರೋಜ್ ಷಹ ತುಘಲಕನು ತೋಪ್ರಾದಿಂದ ದಿಲ್ಲಿಗೆ ಸಾಗಿಸಿದ ಕಂಬವನ್ನು 17ನೆಯ ಶತಮಾನದ ಆದಿಯಲ್ಲಿ ಕಂಡ ಆಂಗ್ಲ ಯಾತ್ರಿಕ ಕೊರ್ಯಾಟನು ಅದು ಹಿತ್ತಾಳೆಯದೆಂದೇ ಬರೆದುಬಿಟ್ಟನು! ನಮ್ಮ ಪಂಡಿತರಲ್ಲಿ ಕೆಲವರು ವರಾಹಮಿಹಿರನ ಬೃಹತ್ಸಂಹಿತೆಯ ವಜ್ರಲೇಪವನ್ನು ಇಲ್ಲಿ ತಂದು ಹೊಂದಿಸುವುದುಂಟು. ಆದರೆ ಆ ಗ್ರಂಥವು ಕ್ರಿ. ಶ. 6ನೆಯ ಶತಮಾನದ್ದು, ಅಲ್ಲಿ ಹೇಳಿದ ಲೇಪವು ದೇವಾಲಯ ಪ್ರತಿಮೆಗಳ ಬಾಳಿಕೆಗಾಗಿ ಬಳಿಯುವ ಅಂಟು. ಈ ವಾದಕ್ಕೆ ಉತ್ತರವು ಬರಾಬರದಲ್ಲಿಯೇ ಇರುವುದು. ಅಲ್ಲಿಯ ಲೋಮಶ ಋಷಿ ಗುಹೆ ಮುಗಿಯದೆ ನಿಂತ ಕೆಲಸ. ಬಾಗಿಲ ಮೇಲೆ ಆನೆಗಳ ಸಾಲಿನ ಸುಂದರವಾದ ಕಮಾನು. ಹೊರಕೋಣೆಯ ಗೋಡೆಗಳಿಗೆ ಮೆರುಗು. ಮೇಲ್ಚಾವಣಿಯೂ ಒಳಗಣ ದುಂಡುಕೋಣೆಯೂ ಉಳಿಯೇಟುಗಳೊಡನೆ ಒರಟಾಗಿಯೇ ಉಳಿದಿರುವುವು. ಬಂಡೆ ಬಿರುಕುಬಿಟ್ಟುದರಿಂದ ಕೆಲಸವನ್ನು ಕೈಬಿಟ್ಟರೆಂದು ವಿದ್ವಾಂಸರ ಅಭಿಪ್ರಾಯ. ಕೊರೆತದಿಂದ ಮೆರುಗಿನವರೆಗಿನ ಅವಸ್ಥೆಗಳೆಲ್ಲವೂ ಒಂದೇ ಸೂರಿನಡಿ ಕಾಣುವಾಗ ಲೇಪದ ಕಲ್ಪನೆಗೆ ಎಡೆಯೆಲ್ಲಿ?

ಕನ್ನಡನಾಡಿನಲ್ಲಿಯೂ ಅಶೋಕನು ಕಣಶಿಲೆಯನ್ನೇ ಬಳಸಿದನು. 1892ರಲ್ಲಿ ರೈಸ್ ಮಹಾಶಯರು ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನ, 1915ರಲ್ಲಿ ದೊರೆತು ಅಶೋಕನೆಂಬ ಹೆಸರನ್ನೇ ತೋರಿಸಿಕೊಟ್ಟ ಮಸ್ಕಿಯ ಶಾಸನ, ಎರಡೂ ಕಣಶಿಲೆಯ ಬಂಡೆಗಳ ಮೇಲಿರುವುವು. ಅಲ್ಲಿ ಮೆರುಗಿನ ಸುಳಿವಿಲ್ಲ; ಒರಟು ಬಂಡೆಯ ಮೇಲೆಯೇ ಅಕ್ಷರ. ಕಾರಣ ದೂರದ್ದೇನೂ ಅಲ್ಲ. ಬ್ರಹ್ಮಗಿರಿಯ ಬಂಡೆ ಪ್ರಜೆಗಳಿಗೆ ಧರ್ಮವನ್ನು ಸಾರುವುದು. ಬರಾಬರದ್ದು ಯತಿಗಳಿಗೆ ಕೊಟ್ಟ ಮನೆ.

ಆ ಮನೆಯ ಒಡೆಯರ ಗತಿ ಕರುಣಾಜನಕವಾದುದು. ಚಂದ್ರಸೂರ್ಯರಿರುವವರೆಗೆ ಈ ಗುಹೆಗಳು ಆಜೀವಿಕರಿಗೆ ಸಲ್ಲಲೆಂದು ದಶರಥನು ಬರೆಯಿಸಿದನು; ನಮ್ಮ ದಾನಶಾಸನಗಳ ‘ಆಚಂದ್ರಾರ್ಕ’ಕ್ಕೆ ಇದು ಹಿರಿಯಣ್ಣ. ಆದರೆ ಮುಂದೆ ಮೌಖರಿ ಅನಂತವರ್ಮನು ಲೋಮಶ ಋಷಿ ಗುಹೆಯಲ್ಲಿ ಕೃಷ್ಣನನ್ನೂ ಗೋಪಿಕಾ ಗುಹೆಯಲ್ಲಿ ಕಾತ್ಯಾಯನಿಯನ್ನೂ ಪ್ರತಿಷ್ಠಿಸಿದನು. ಆಜೀವಿಕರು ದಕ್ಷಿಣದಲ್ಲಿ ಇನ್ನೂ ಬಹುಕಾಲ ಉಳಿದರು. ಕೋಲಾರದ ಸೀಮೆಯ ಮಧ್ಯಯುಗದ ಶಾಸನಗಳಲ್ಲಿ ಅವರ ಹೆಸರು ಕಾಣುವುದು ಅವರ ಮೇಲೆ ಹೊರಿಸಿದ ತೆರಿಗೆಯ ಲೆಕ್ಕದಲ್ಲಿ. ಬರಾಬರ ನಾಗಾರ್ಜುನಿಗಳ ಕೆಲವು ಶಾಸನಗಳಲ್ಲಿಯಂತೂ ಉಳಿದ ಅಕ್ಷರಗಳನ್ನೆಲ್ಲ ಬಿಟ್ಟು ‘ಆಜೀವಿಕ’ರೆಂಬ ಪದವೊಂದನ್ನೇ ಯಾರೋ ಉಳಿಯಿಂದ ಕೆತ್ತಿಹಾಕಿದ್ದಾರೆ. ಆ ಗಾಯಕ್ಕೆ ಮತ್ತೆ ಮೆರುಗು ಕೊಡಬೇಕಾದರೆ ಸುತ್ತಣ ಕಲ್ಲನ್ನೆಲ್ಲ ಅಷ್ಟೇ ಆಳಕ್ಕೆ ಸವೆಸಬೇಕು. ಹಾಗೆ ಸವೆಸಿದರೆ ಉಳಿದ ಶಾಸನವೂ ಇರುವುದಿಲ್ಲ.