ತ್ರೀ ನಾಟ್ ತ್ರೀ ಬಂದೂಕು ಮತ್ತು ಕೆಸರಲ್ಲಿ ನಿಂತವರ ಮಾತು



ಕುಷ್ಟಗಿ, ಯಲಬುರ್ಗಾ ಕಡೆ ಎಲೆಕ್ಷನ್ ಡ್ಯೂಟಿಗೆ ಹೋದಾಗ ಬೂತ್ ಮುಂದೆ ನಿಂತ ಪೊಲೀಸರ ಹೆಗಲಲ್ಲಿ ಹಳೇ ಬಂದೂಕು ನೋಡಿದೀನಿ. ತ್ರೀ ನಾಟ್ ತ್ರೀ ಅಂತೀವಲ್ಲ, ಅದೇ. ಹುಡುಗರು ನೋಡಿ ನಗ್ತಾರೆ. ಆದರೆ ಅದರ ಕಥೆಯಲ್ಲಿ ನಮಗೊಂದು ಪಾಠ ಐತಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದ್ರಿ.

ಅದರ ಹೆಸರು ಲೀ-ಎನ್‌ಫೀಲ್ಡ್. 1895ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು. ಇದು ಬೋಲ್ಟ್ ರೈಫಲ್. ಮನೆ ಬಾಗಿಲ ಚಿಲಕ ಇದ್ದಂಗ: ಹಿಡಿ ಮೇಲೆತ್ತಬೇಕು, ಹಿಂದೆ ಎಳೀಬೇಕು, ಮುಂದೆ ತಳ್ಳಬೇಕು, ಕೆಳಗೆ ಮಡಚಬೇಕು. ಪ್ರತಿ ಗುಂಡಿಗೂ ನಾಲ್ಕು ಕೆಲಸ.

ಅದೇ ಕಾಲದಲ್ಲಿ ಸ್ಟ್ರೇಟ್ ಪುಲ್ ಅನ್ನೋ ಇನ್ನೊಂದು ನಮೂನೆ ಬಂತು. ಎಳೆ, ತಳ್ಳು, ಎರಡೇ. ತಿರುಗಿಸಿ ಬೀಗ ಹಾಕುವ ಕೆಲಸವನ್ನು ಒಳಗಿನ ಓರೆ ಮರೆಗಳೇ ಮಾಡುತ್ತವೆ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಸೈನ್ಯಗಳು ಇದನ್ನೇ ನೆಚ್ಚಿಕೊಂಡವು. ಕೆನಡಾ ಸೈನ್ಯ ಚಾರ್ಲ್ಸ್ ರಾಸ್ ಎಂಬುವನು ಮಾಡಿದ ರಾಸ್ ರೈಫಲ್ ತಗೊಂಡಿತು.

ಕಾಗದದ ಮೇಲೆ ಎರಡು ಕೆಲಸದ್ದೇ ಚುರುಕು. ಆದರೆ ಗುಂಡು ಹಾರಿದ ಮೇಲೆ ಖಾಲಿ ಕಾಡತೂಸು ಬಿಸಿಗೆ, ಹೊಲಸಿಗೆ ನಳಿಗೆಯ ಹಿಂಭಾಗದಲ್ಲಿ ಕಚ್ಚಿಕೊಳ್ಳುತ್ತೆ. ಬೋಲ್ಟ್ ರೈಫಲ್‌ನಲ್ಲಿ ಹಿಡಿ ಮೇಲೆತ್ತಿದ್ದೇ ಹಾರೆಯಂಗ ಮೀಟಿ ಅದನ್ನು ಸಡಿಲ ಮಾಡುತ್ತೆ. ರಾಸ್‌ನಲ್ಲಿ ಆ ಮೀಟು ಇಲ್ಲ, ತೋಳಬಲದಿಂದಲೇ ಎಳೀಬೇಕು. ನಾವು ದಂಡ ಅಂದುಕೊಂಡ ಆ ಹೆಚ್ಚಿನ ಕೆಲಸದಲ್ಲೇ ಜೀವ ಇತ್ತು.

1915ರ ಏಪ್ರಿಲ್, ಬೆಲ್ಜಿಯಂನ ಈಪ್ರ್. ಜರ್ಮನರು ವಿಷಗಾಳಿ ಬಿಟ್ಟರು. ಕಾಲಡಿ ಕೆಸರು. ಗುರಿ ಅಭ್ಯಾಸದ ಮೈದಾನದಲ್ಲಿ ಹೆಸರು ಮಾಡಿದ್ದ ರಾಸ್ ಅಲ್ಲಿ ಕೈಕೊಟ್ಟಿತು. ಅದರ ಗುಂಡಿನ ಗೂಡು ಬಾಳ ಬಿಗಿ, ಬ್ರಿಟನ್ನಿನಿಂದ ಬಂದ ಕಾಡತೂಸುಗಳ ಅಳತೆಯಲ್ಲಿ ಕೂದಲೆಳೆ ಹೆಚ್ಚುಕಮ್ಮಿ. ಸೈನಿಕರು ಬೂಟುಗಾಲಿಂದ ಒದ್ದು ಹಿಡಿ ಬಿಡಿಸಿದರು. ಬದುಕಿ ಉಳಿದ ಸುಮಾರು 5,000 ಮಂದಿಯಲ್ಲಿ 1,400ಕ್ಕೂ ಹೆಚ್ಚು ಜನ ರಾಸ್ ಬಿಸಾಡಿ ಲೀ-ಎನ್‌ಫೀಲ್ಡ್ ಎತ್ತಿಕೊಂಡಿದ್ದರು. ಎಷ್ಟೋ ಸಲ ಸತ್ತ ಬ್ರಿಟಿಷ್ ಸೈನಿಕನ ಪಕ್ಕದಿಂದ.

ಸ್ಟ್ರೇಟ್ ಪುಲ್ ಅಂದರೇ ಕೆಟ್ಟದ್ದು ಅಂತಲ್ಲ. ಸ್ವಿಸ್ ರೈಫಲ್‌ಗಳು ದಶಕಗಟ್ಟಲೆ ಚೆನ್ನಾಗಿ ನಡೆದವು. ತಪ್ಪು ಇರೋದು ಬೇರೆ ಕಡೆ. ಪಡೆಯ ಸೇನಾಪತಿ ಆಲ್ಡರ್ಸನ್ ಬರೆದು ದೂರಿದರೆ, ಮಂತ್ರಿ ಸ್ಯಾಮ್ ಹ್ಯೂಸ್ ರೈಫಲ್ ಬಿಟ್ಟು ದೂರಿದವನ ಮೇಲೇ ಹರಿಹಾಯ್ದ. ಯುದ್ಧಭೂಮಿಯ ಸಾಮಾನ್ಯ ಸೈನಿಕರ ಕೈಯಿಂದ ರಾಸ್ ಹೋಗಿದ್ದು 1916ರಲ್ಲಿ. ಅಲ್ಲೀತನಕ ಸಾಯೋರು ಸಾಯ್ತಾನೇ ಇದ್ದರು. ನಾನೂ ಆಫೀಸಿನಲ್ಲಿ ಫೈಲು ನೋಡೋನೇ. ಕೆಳಗಿನವರ ದೂರು ಮೇಲೆ ಹೋಗೋಕೆ ಎಷ್ಟು ಕಾಲ ಬೇಕು ಅಂತ ಗೊತ್ತು.

ಅದೇ ಈಪ್ರ್‌ನಲ್ಲಿ ಏಪ್ರಿಲ್ 26ಕ್ಕೆ ಭಾರತದ ಲಾಹೋರ್ ಡಿವಿಜನ್ ಕೂಡ ನುಗ್ಗಿತು, ಕೈಯಲ್ಲಿ ಲೀ-ಎನ್‌ಫೀಲ್ಡ್ ಹಿಡಿದು. ಅಲ್ಲಿ ನಮ್ಮವರಿಗೆ ಜಾಗ ಇರಲಿಲ್ಲ. 1818ರಲ್ಲಿ ಕೋರೆಗಾಂವ್‌ನಲ್ಲಿ ಕಾದಾಡಿದ ಮಹಾರರನ್ನು 'ಯೋಧ ಜಾತಿ ಅಲ್ಲ' ಅಂತ 1890ರ ದಶಕದಲ್ಲೇ ಭರ್ತಿಯಿಂದ ಹೊರಗಿಟ್ಟಿದ್ದರು. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಮನವಿ ಬರೆದರು. ಬಾಬಾಸಾಹೇಬರ ತಂದೆ ರಾಮಜಿ ಸುಬೇದಾರರಾಗಿದ್ದವರು. ಆ ಬಾಗಿಲೇ ಮುಚ್ಚಿತ್ತು. ಯುದ್ಧಕ್ಕೆ ಜನ ಸಾಲದಾದಾಗ 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿದ ಮೇಲೆ, 1921ರಲ್ಲಿ, ಅದನ್ನೂ ಮುಚ್ಚಿದರು.

ಮತ್ತೆ ಬಾಗಿಲು ತೆರೆದದ್ದು ನಮ್ಮ ಬೆಳಗಾವಿಯಲ್ಲಿ. 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟ್‌ನ ಮೊದಲ ಬೆಟಾಲಿಯನ್ ಅಲ್ಲಿ ಶುರುವಾಯಿತು. ಅದೇ ವರ್ಷ ವೈಸ್‌ರಾಯ್ ರಕ್ಷಣಾ ಸಲಹಾ ಸಮಿತಿಯಲ್ಲಿ ಬಾಬಾಸಾಹೇಬರು ಕೂತಿದ್ದರು ಅನ್ನೋದನ್ನ ಮರೀಬ್ಯಾಡ್ರಿ.

ಯಾವ ಬಂದೂಕು ಅನ್ನೋದನ್ನೂ, ಯಾರ ಕೈಗೆ ಅನ್ನೋದನ್ನೂ ಕೆಸರು ಮೆಟ್ಟದವರೇ ತೀರ್ಮಾನಿಸಿದರು. ಕೊಪ್ಪಳ, ಗಂಗಾವತಿಯ ಪೌರಕಾರ್ಮಿಕರಿಗೆ ಹೊಸ ಮಷೀನು ಬರುತ್ತೆ ಅಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆನೂ ಅದೇ: ಗಟಾರಕ್ಕೆ ಇಳಿಯೋನನ್ನ ಯಾರಾದರೂ ಕೇಳಿದ್ರಾ? ತೀರ್ಮಾನ ಆಗೋ ಕುರ್ಚಿಯಲ್ಲಿ ನಮ್ಮವರು ಯಾಕೆ ಕೂರಬೇಕು ಅನ್ನೋರಿಗೆ ಇದನ್ನ ತೋರಿಸ್ರಿ.

ಜೈ ಭೀಮ್.